ರುದ್ರಪ್ಪನವರ ನಕ್ಷೆಗೆ ನಾನು ಅಕ್ಷರ ತಂದದ್ದು

ಆ ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ದಾವಣಗೆರೆಯ ವಿದ್ಯಾನಗರದಲ್ಲಿ, ನಾನು ಕೆಲಸಕ್ಕಿದ್ದ ಕಟ್ಟಡ ಎಂಜಿನಿಯರರ ಕಚೇರಿಯ ಒಳಕೋಣೆಯಲ್ಲಿ, ಕಂಪ್ಯೂಟರಿನಿಂದ ಎರಡು ಅಡಿ ಹಿಂದೆ ನಿಂತಿದ್ದೆ. ಬರಿಗಾಲಲ್ಲಿ. ಆಗೆಲ್ಲ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುತ್ತಿರಲಿಲ್ಲ. ಇಪ್ಪತ್ತು ವರ್ಷ ಕೈಯಲ್ಲೇ ಮನೆಗಳ ನಕ್ಷೆ ಬರೆದಿದ್ದ ನಾನು ನಾಲ್ಕು ತಿಂಗಳಲ್ಲಿ ಈ ಯಂತ್ರವನ್ನೂ ಪೂರ್ತಿ ಅರಿತಿದ್ದೆ. ಹಾಗೆಂದು ನಂಬಿದ್ದೆ.

ಹಿಂದಿನ ಕುರ್ಚಿಯಲ್ಲಿ ಹರಿಹರದ ರುದ್ರಪ್ಪನವರು. ಶುಕ್ರವಾರ ಅವರ ಹೊಸ ಮನೆಗೆ ಗುದ್ದಲಿ ಪೂಜೆ. ನಕ್ಷೆಗೆ ಸಹಿ ಹಾಕಬೇಕಾದ ಅಲ್ಲಿನ ಅಧಿಕಾರಿ ಗುರುವಾರದಿಂದ ರಜೆ. ಅಂದು ನಾಲ್ಕು ಗಂಟೆಯೊಳಗೆ ನಕ್ಷೆ ಹರಿಹರ ಮುಟ್ಟದಿದ್ದರೆ ಪೂಜೆ ನಿಂತಂತೆ.

"ಕೋಣಿ ಹೆಸ್ರು ಕನ್ನಡದಾಗ ಇರ್ಲಿ ಸಾರ್. ನಮ್ಮವ್ವ ಓದಿ ನೋಡ್ತಾಳ್ರಿ" ಎಂದರು.

"ಆಗ್ಲೇ ಹಾಕೇನ್ರಿ. ಐದು ನಿಮಿಷ ಕೂಡ್ರಿ."

ನಕ್ಷೆ ಬರೆಯುವ ಸಾಫ್ಟ್‌ವೇರ್ ತೆರೆದೆ. 'ಫಾಂಟುಗಳು ಬರುತ್ತಿವೆ' ಎಂಬರ್ಥದ ಒಂದು ಇಂಗ್ಲಿಷ್ ಸಾಲು ಕಾಣಿಸಿಕೊಂಡು ಅಲ್ಲೇ ನಿಂತಿತು. ಗಡಿಯಾರ ನೋಡಿದೆ. ಹನ್ನೊಂದು ನಿಮಿಷ! ಆರಿಸಿ ಮತ್ತೆ ಹಾಕಿದೆ. ಹದಿನಾಲ್ಕು!

ಮೊದಲು ವೋಲ್ಟೇಜಿನ ಮೇಲೆ ಸಂಶಯಪಟ್ಟೆ. ಆಮೇಲೆ ಧೂಳಿನ ಮೇಲೆ. ಕೊನೆಗೆ ನನ್ನ ಸಂಶಯ ಮಂಡಿಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನಾಸಿರ್ ಸಾಬರ ಮೇಲೆ ಹೋಗಿ ಕೂತಿತು. ಹಿಂದಿನ ಶನಿವಾರ ಅವರು ನನಗೊಂದು ಸಿ.ಡಿ. ಕೊಟ್ಟಿದ್ದರು. ಪುಕ್ಕಟೆ! ಪುಕ್ಕಟೆ ಯಾಕೆ ಕೊಟ್ಟರು? ಫೋನು ಮಾಡಿ ಕರೆಸಿದೆ.

"ನಾಸಿರ್ ಸಾಬ್, ಆ ಸಿ.ಡಿ.ಯಾಗೆ ಏನಿತ್ತು? ನಿಜ ಹೇಳ್ರಿ."

"ಫಾಂಟು ಇತ್ರಿ. ಇನ್ನೇನು ಮಂಡಕ್ಕಿ ಇರ್ತೈತಾ? ಚಂದದ್ದು ಒಂದು ಆರಿಸ್ಕೊಳ್ರಿ ಅಂತ ಕೊಟ್ಟಿದ್ದೆ. ನೀವು ಎಷ್ಟು ಹಾಕ್ಕೊಂಡ್ರಿ?"

"ಎಲ್ಲ."

"ಎಲ್ಲ ಅಂದ್ರೆ?"

"ಇದ್ದಷ್ಟೂ."

ನಾಸಿರ್ ಸಾಬರು ಹಣೆ ಹಿಡಿದುಕೊಂಡರು. "ಇಡೀ ಮಂಡಿಪೇಟೆ ತಂದು ಒಂದು ಕೋಣ್ಯಾಗೆ ತುಂಬೀರಲ್ರೀ! ಬಾಗಿಲು ತೆಗೆದಾಗೆಲ್ಲ ಅದು ಒಬ್ಬೊಬ್ಬರ ಹೆಸರು ಕೂಗಿ ಹಾಜರಿ ತಗೋತೈತೆ. ಬೇಕಾದ್ದು ಇಟ್ಕಂಡು ಉಳಿದದ್ದು ಅಳಿಸ್ರಿ" ಎಂದು ಹೇಳಿ ಹೊರಟುಹೋದರು.

ಬೇಕಾದ್ದು ಯಾವುದು? ಹೆಸರುಗಳ ಪಟ್ಟಿಯನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಎರಡು ಇಂಗ್ಲಿಷ್ ಅಕ್ಷರ, ಮೂರು ಅಂಕಿ ಸೇರಿದ ಒಂದು ಹೆಸರು ಎಲ್ಲಕ್ಕಿಂತ ಅನುಮಾನಾಸ್ಪದವಾಗಿತ್ತು. ಅದನ್ನೇ ಮೊದಲು ಅಳಿಸಿದೆ. ಆಮೇಲೆ ಉಳಿದ ಅಪರಿಚಿತರನ್ನೂ ಹೊರಹಾಕಿದೆ.

ಸಾಫ್ಟ್‌ವೇರ್ ಅರ್ಧ ನಿಮಿಷದಲ್ಲಿ ತೆರೆಯಿತು! ರುದ್ರಪ್ಪನವರತ್ತ ಒಂದು ವಿಜಯದ ನೋಟ ಬೀರಿ, ನಕ್ಷೆಯನ್ನು ಟ್ರೇಸಿಂಗ್ ಹಾಳೆಗೆ ಇಳಿಸಲು ಬಿಟ್ಟೆ. ಹಾಳೆ ಪೂರ್ತಿ ಹೊರಬಂದಾಗ ಅವರು ಬಗ್ಗಿ ನೋಡಿದರು.

"ಸಾರ್, ಅಡಿಗಿ ಮನ್ಯಾಗೆ ಡಾಲರ್ ಐತಲ್ರೀ!"

ಇತ್ತು. ನಡುಮನೆಯಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆಗಳಿದ್ದವು. ನಾನು ಮೊದಲು ಅಳಿಸಿದ್ದೇ ಕನ್ನಡದ ಫಾಂಟು; ಅದಿಲ್ಲದೆ ಕನ್ನಡ ಅಕ್ಷರಗಳ ಜಾಗಕ್ಕೆ ಇಂಗ್ಲಿಷ್ ಕೀಲಿಗಳ ಗುರುತುಗಳು ಬಂದಿದ್ದವು. ಇದು ಅರಿವಾದ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು. ಆಗ ಒಂದೂ ನಲವತ್ತು.

"ನಮ್ಮವ್ವಗೆ ಏನ್ ಹೇಳ್ಲಿ ಸಾರ್?" ರುದ್ರಪ್ಪನವರು ಕುರ್ಚಿ ಬಿಟ್ಟು ಎದ್ದರು.

"ಗಾಬರಿ ಬ್ಯಾಡ್ರಿ. ನನ್ನ ಕೈ ಐತೆ" ಎಂದೆ. ಬ್ಲೇಡಿನಿಂದ ಡಾಲರುಗಳನ್ನೆಲ್ಲ ಕೆರೆದು ತೆಗೆದು, ಹಳೆಯ ಪೆನ್ನಿನಲ್ಲಿ ಕೋಣೆಗಳ ಹೆಸರು ಬರೆಯತೊಡಗಿದೆ. ನಾಸಿರ್ ಸಾಬರು ಹೋಗುವಾಗ ಬಾಗಿಲಲ್ಲಿ ನಕ್ಕರೋ ಇಲ್ಲವೋ ಎಂಬುದನ್ನೂ ಜೊತೆಗೇ ಯೋಚಿಸುತ್ತಿದ್ದೆ. ಕೆರೆದ ಮೇಲೆ ಆ ತುದಿಗೊಂದು, ಈ ತುದಿಗೊಂದು, ಒಂದೇ ಅಳತೆಯ ಎರಡು ಪುಟ್ಟ ಚೌಕಗಳು ಉಳಿದಿದ್ದವು. ಎರಡಕ್ಕೂ ದುಂಡಗೆ ಹೆಸರು ಬರೆದೆ.

ಬಸ್ಸು ಹಿಡಿದು, ಹರಿಹರದಲ್ಲಿ ಪ್ರತಿ ತೆಗೆಸಿ, ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಸಹಿ ಹಾಕಿಸಿದೆವು. ಅಳತೆಗಳೆಲ್ಲ ಸರಿಯಿದ್ದವು.

ಶುಕ್ರವಾರ ನಿವೇಶನದಲ್ಲಿ ಗುದ್ದಲಿ ಹಾಕುವ ಮುಂಚೆ ರುದ್ರಪ್ಪನವರ ತಾಯಿ ಗಿರಿಜಮ್ಮನವರು ಕನ್ನಡಕ ಏರಿಸಿ, ನಕ್ಷೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

"ಈಶಾನ್ಯ ಮೂಲಿ... ಶೌಚಾಲಯ."

ಮಂತ್ರ ಹೇಳುತ್ತಿದ್ದ ಅಯ್ನೋರು ನಿಂತರು. ಬೆರಳು ಇನ್ನೊಂದು ತುದಿಗೆ ಸರಿಯಿತು.

"ಹಿತ್ಲಾಗೆ, ಕಕ್ಕಸು ಗುಂಡಿ ಪಕ್ಕ... ದೇವರ ಮನಿ. ರುದ್ರಾ, ಇದನ್ನ ಬರೆದ ಪುಣ್ಯಾತ್ಮ ಯಾರೋ?"

ನಾನು ಕೈ ಎತ್ತಿದೆ. ಗಿರಿಜಮ್ಮನವರು ನನ್ನನ್ನು ಈಶಾನ್ಯ ಮೂಲೆಯಲ್ಲಿ ನಿಲ್ಲಿಸಿ, "ಇಲ್ಲಿ ದೇವರ ಮನೆ" ಎಂದು ಮೂರು ಸಲ ಎಲ್ಲರಿಗೂ ಕೇಳುವಂತೆ ಹೇಳಿಸಿದ ಮೇಲೆಯೇ ಗುದ್ದಲಿ ನೆಲ ಮುಟ್ಟಲು ಬಿಟ್ಟರು.

ಇದನ್ನು ಕಣ್ಣಾರೆ ಕಂಡವರಲ್ಲಿ ಅಯ್ನೋರು ಈಗಿಲ್ಲ. ಪೂಜೆಗೆ ಬಂದಿದ್ದ ನಾಸಿರ್ ಸಾಬರು ಇದ್ದಾರೆ. ಅಂದು ಅವರು ನಕ್ಕದ್ದರಲ್ಲಿ ಸಂಶಯವೇ ಇಲ್ಲ. ರುದ್ರಪ್ಪನವರು ಇದ್ದಾರೆ. ಗಿರಿಜಮ್ಮನವರಿಗೆ ತೊಂಬತ್ತು ದಾಟಿದೆ, ದೃಷ್ಟಿ ಚೆನ್ನಾಗಿದೆ. ಮೊನ್ನೆ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದಲೇ ನನ್ನನ್ನು ಗುರುತಿಸಿ, ಜನರ ನಡುವೆ ಕೂಗಿದರು: "ಏನಪ್ಪಾ, ನಿಮ್ಮನ್ಯಾಗೆ ದೇವ್ರನ್ನ ಎಲ್ಲಿ ಕೂಡ್ಸೀರಿ?"