ಚಿನ್ನದ ಪೀಕು

ಕಾಂಪೌಂಡಿನ ಕಲ್ಲನ್ನೂ ಕಂಪ್ಯೂಟರು ಚಿನ್ನ ಎಂದುಬಿಟ್ಟಿತು. ಕೋದಂಡಪ್ಪನ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ತೊಂಬತ್ತೆರಡರ ಮಾತು. ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಒಂದು ಪುಟ್ಟ ಪ್ರಯೋಗಾಲಯದಲ್ಲಿ ವಸ್ತುವಿಗೆ ಕಿಡಿ ತಾಕಿಸಿ, ಹೊಮ್ಮುವ ಬೆಳಕನ್ನು ಯಂತ್ರದಿಂದ ಅಳೆಯುತ್ತಿದ್ದರು. ಚಿನ್ನವಿದ್ದರೆ ಪರದೆಯ ಗೆರೆ ಒಂದು ಗೊತ್ತಾದ ಜಾಗದಲ್ಲಿ ದಿಬ್ಬದಂತೆ ಏಳಬೇಕು. ಅದಕ್ಕೆ ಪೀಕು ಎನ್ನುತ್ತಿದ್ದರು. ಪೀಕು ಹುಡುಕುವ ಪ್ರೋಗ್ರಾಂ ಕೋದಂಡಪ್ಪನದು. ಅದೋ, ಗೆರೆ ಕೊಂಚ ಅದುರಿದರೂ ಚಿನ್ನ ಎಂದು ಕೂಗುತ್ತಿತ್ತು.

"ಸಂಜೆಯೊಳಗೆ ಸರಿ ಮಾಡಿ. ಇಲ್ಲಾಂದ್ರೆ ರಾಯಚೂರು ಕಡೆಗೆ ವರ್ಗ," ಎಂದ ಸಾಹೇಬರು, ಅಸಲಿ ಚಿನ್ನದ ಸ್ಯಾಂಪಲ್ಲಿದ್ದ ಬೀರುವಿನ ಕೀಲಿ ಸಮೇತ ಬಂಗಾರಪೇಟೆಗೆ ಹೊರಟುಹೋದರು.

ಗಿಡ್ಡ ದಿಬ್ಬಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಕೋದಂಡಪ್ಪ ಪ್ರೋಗ್ರಾಮಿಗೆ ತಾಕೀತು ಮಾಡಿದ. ಕಲ್ಲು ಕಲ್ಲೇ ಆಯಿತು. ಇನ್ನು ಚಿನ್ನ ಚಿನ್ನವಾಗುತ್ತದೋ ನೋಡಬೇಕಿತ್ತು. ಚಿನ್ನದ ಊರಿನಲ್ಲಿ ಅವತ್ತು ಗುಲಗಂಜಿ ತೂಕದ ಚಿನ್ನವೂ ಕೈಗೆ ಸಿಗಲಿಲ್ಲ.

"ನಿಮ್ ಮಾವ ಮದ್ವೇಲಿ ಆಕಿದ ಸರ ಐತಲ್ಲಪ್ಪಾ, ತಕ್ಕೊಂಬಾ ಓಗು," ಎಂದ ಪಕ್ಕದ ಮೇಜಿನ ಆರುಮುಗಂ.

ಕೋದಂಡಪ್ಪ ಮನೆಗೆ ಓಡಿದ. "ನಮ್ಮಪ್ಪ ಕೊಟ್ಟಿದ್ದಕ್ಕೆ ಕಿಡಿ ಆಕ್ತೀರಾ?" ಎಂದು ಹೆಂಡತಿ ಮುನಿರತ್ನಮ್ಮ ಎಗರಿಬಿದ್ದಳು. ಗೋಗರೆದ ಮೇಲೆ ಒಳಗೆ ಹೋಗಿ ಸರ ತಂದು ಕೈಗಿಟ್ಟಳು.

ಪ್ರಯೋಗಾಲಯಕ್ಕೆ ತಂದು ಕಿಡಿ ತಾಕಿಸಿದರೆ ಗೆರೆ ಮಲಗಿದ್ದಲ್ಲಿಂದ ಏಳಲೇ ಇಲ್ಲ.

"ಆರುಮುಗಂ, ಈ ಸರವೇ ಏನಾದ್ರೂ..."

"ಲೇ, ಮಾವನ ಮ್ಯಾಲೇ ಅನುಮಾನ ಪಡ್ತೀಯೇನ್ಲಾ? ನಿನ್ ಪ್ರೋಗ್ರಾಮೇ ತಪ್ಪು ಕಣ್ಲಾ!"

ಮಾವನನ್ನು ಅನುಮಾನಿಸುವುದಕ್ಕಿಂತ ತನ್ನನ್ನೇ ಅನುಮಾನಿಸುವುದು ವಾಸಿ ಎನ್ನಿಸಿತು ಕೋದಂಡಪ್ಪನಿಗೆ. ದಿಬ್ಬದ ಮಿತಿಯನ್ನು ಇಳಿಸಿದ. ಮತ್ತೂ ಇಳಿಸಿದ. ಕಡೆಗೆ ಸರ ಚಿನ್ನವಾಯಿತು. ಆ ಸಂಭ್ರಮದಲ್ಲಿ ಕಲ್ಲನ್ನು ಇನ್ನೊಮ್ಮೆ ಪರೀಕ್ಷಿಸುವುದು ಮರೆತೇಹೋಯಿತು.

ಸಂಜೆ ಬಂದ ಸಾಹೇಬರು ಬಾಗಿಲಿನ ಹಿತ್ತಾಳೆ ಬೀಗಕ್ಕೆ ಕಿಡಿ ಕೊಟ್ಟರು. ಚಿನ್ನ! ಮುರಿದ ಲೋಟದ ಚೂರೂ ಚಿನ್ನ.

"ನಾಳೆ ಬಂದು ವರ್ಗದ ಆರ್ಡರ್ ತಗೊಳ್ಳಿ," ಎಂದರು.

ಮನೆಗೆ ಬಂದವನು ಸಂಕಟ ತಡೆಯಲಾರದೆ ಹೇಳಿಕೊಂಡ: "ಎಲ್ಲಾ ಸರಿಯಾಗೇ ಇತ್ತು ಕಣೇ. ನಿಮ್ಮಪ್ಪನ ಸರ ಒಂದಕ್ಕೆ ಪೀಕು ಬರ್ಲಿಲ್ಲ, ಅದಕ್ಕೇ ಎಲ್ಲಾ ಬದಲಾಯಿಸ್ದೆ."

"ಎಂಗ್ ಬತ್ತದೆ? ಅದು ಸಂತೇಲಿ ತಕ್ಕೊಂಡಿದ್ದು, ಅದೇ ನಮೂನೇದು, ಹಿತ್ತಾಳೆ ಸರ. ಕಿಡಿ ಆಕಕ್ಕೆ ಅಪ್ಪನ ಚಿನ್ನ ಕೊಡ್ತೀನಾ ನಾನು? ಅದು ಟ್ರಂಕಿನ ತಳದಾಗೆ ಭದ್ರವಾಗೈತೆ."

ಕೋದಂಡಪ್ಪ ಗೋಡೆಗೊರಗಿ ಕುಳಿತ. ಮೊದಲ ಸಲ ತಿದ್ದಿದ ಪ್ರೋಗ್ರಾಂ ಸರಿಯಾಗಿಯೇ ಇತ್ತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಆ ಟ್ರಂಕು ಈಚೆ ತೆಗಿ," ಎಂದ. "ಎಂಗೂ ಬಟ್ಟೆ ತುಂಬಬೇಕಲ್ಲ."