ಗಂಟೆ ಹುಡುಗಿಯ ವಕಾಲತ್ತು

ಒಂದು ಕಾಲಕ್ಕೆ ಮಧ್ಯ ಭಾರತದಲ್ಲಿ ತಡವಾಗಿ ಬಂದ ರೈಲುಗಳನ್ನೆಲ್ಲ ತಡಮಾಡಿದವಳು ನಮ್ಮ ಅತ್ಯಾ. ಇದು ನನ್ನ ಆರೋಪವಲ್ಲ, ನಾಗಪುರದ ಜನರದು.

ಅತ್ಯಾ ಎಂದರೆ ನನ್ನ ತಂದೆಯ ತಂಗಿ. ಮೊಮ್ಮಕ್ಕಳ ಸಾಲಿನವರಿಗೆ ಅಜ್ಜಿಯಾಗಬೇಕಾದವಳು, ಆದರೆ ಮನೆಯಲ್ಲಿ ದೊಡ್ಡವರು ಚಿಕ್ಕವರು ಎಲ್ಲರ ಬಾಯಲ್ಲೂ ಅತ್ಯಾನೇ. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಯಾವ ಗಾಡಿ ಎಷ್ಟು ತಡ ಎಂದು ಹೇಳುವುದು ಅವಳ ನೌಕರಿಯಾಗಿತ್ತು. ಹಿಂದಿಯಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹೇಳಿ, ಕೊನೆಗೆ ‘ಅಸುವಿಧಾ ಕೇ ಲಿಯೇ ಖೇದ್ ಹೈ’ ಎಂದು ತೊಂದರೆಗೆ ವಿಷಾದವನ್ನೂ ಸೂಚಿಸಬೇಕು. ಮಂಜು ಮುಸುಕಿದ್ದು ಎಲ್ಲೋ ಉತ್ತರದಲ್ಲಿ, ಎಮ್ಮೆ ಅಡ್ಡ ಮಲಗಿದ್ದು ಎಲ್ಲೋ ಕಾಡಿನಲ್ಲಿ, ಖೇದ ಮಾತ್ರ ನಮ್ಮ ಅತ್ಯಾಗೆ! ಕೇಳಿದವರು ಏನು ತಿಳಿದಾರು? ತಪ್ಪು ಮಾಡದವರು ಯಾರಾದರೂ ಇಷ್ಟು ಚೆಂದವಾಗಿ ಖೇದಪಡುತ್ತಾರೆಯೇ?

ಒಮ್ಮೆ ಯಾರದೋ ಮದುವೆಯ ಪಂಕ್ತಿಯಲ್ಲಿ ಅತ್ಯಾ ಬಡಿಸುವವನಿಗೆ, “ಈ ಸಾಲಿಗಿನ್ನೂ ಕೋಸಂಬರಿ ಬಂದಿಲ್ಲ” ಎಂದು ಹಿಂದಿಯಲ್ಲಿ ಹೇಳಿದಳು. ಎದುರು ಸಾಲಿನಲ್ಲಿ ಉಣ್ಣುತ್ತಿದ್ದ ಒಬ್ಬರು ಗಕ್ಕನೆ ತಲೆ ಎತ್ತಿದರು. ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. “ಬಾಯೀ, ಆ ದನಿ ನಿಮ್ಮದೇ ಅಲ್ಲವೇ? ನಿಮ್ಮಿಂದಾಗಿ ನನಗೆ ಅಮರಾವತಿಯ ಇಂಟರ್ವ್ಯೂ ತಪ್ಪಿತು” ಎಂದರು. ಅತ್ಯಾ ಶಾಂತಳಾಗಿ, “ಗಾಡಿ ಓಡಿಸ್ತಿದ್ದವರು ಬ್ಯಾರೆ ಇದ್ದರ್ರೀ” ಎಂದು ಕನ್ನಡದಲ್ಲೇ ಉತ್ತರ ಕೊಟ್ಟಳು. ಅವರಿಗೆ ಅರ್ಥವಾಗಲಿಲ್ಲ. ಆದರೂ ಇಡೀ ಪಂಕ್ತಿ ಅವರ ಪರವಾಗಿಯೇ ಮರುಗಿತು.

ನಿವೃತ್ತಿಯಾದ ಮೇಲೂ ಅವಳ ಗಂಟಲು ನಿವೃತ್ತಿಯಾಗಲಿಲ್ಲ. ಪ್ರತಾಪ ನಗರದ ನಮ್ಮ ಮನೆಗೆ ಎರಡು ಅಂತಸ್ತು. ಮೇಲೆ ನಮ್ಮಣ್ಣನ ಸಂಸಾರ, ಕೆಳಗೆ ನನ್ನದು. ಅತ್ಯಾ ಒಂದು ವಾರ ಮೇಲೆ, ಒಂದು ವಾರ ಕೆಳಗೆ. ಕುಕ್ಕರು ಸೀಟಿ ಹಾಕಲು ತಡಮಾಡಿದರೆ ಅನ್ನ ಎಷ್ಟು ತಡವಾಗಿ ಬರಲಿದೆ, ಯಾವ ಕಡೆಯ ತಾಟುಗಳು ಸಿದ್ಧವಾಗಿರಬೇಕು ಎಂದು ಪಡಸಾಲೆಯಿಂದ ಮೂರು ಭಾಷೆಯಲ್ಲಿ ಸುದ್ದಿ ಬರುತ್ತದೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಸೌಟು ಹಿಡಿದು ಹಲ್ಲು ಕಡಿಯುತ್ತಾಳೆ.

ಇಂಥ ಮನೆಯಲ್ಲಿ ಕಳೆದ ವರ್ಷ ಅಣ್ಣನ ಮಗಳು ಶುಭದಾಳ ಸಾಕ್ಷಗಂಧ ನಡೆಯಿತು. ನಿಶ್ಚಯಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನಡೆಯಿತು ಎಂದೆನಲ್ಲ, ನಡೆಯುತ್ತ ನಡೆಯುತ್ತ ನಿಂತಿತು.

ನಿಲ್ಲಿಸಿದವಳು ನನ್ನ ಮಗಳು ಅನಘಾ. ಅವಳು ಹಿಂಗಣಾದ ಒಂದು ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದಳು. ಆ ದಿನ ಅರ್ಧ ಪಾಳಿ ಮುಗಿಸಿ ಬಸ್ಸು ಹತ್ತಿದಾಗ, ಪಕ್ಕದಲ್ಲಿ ಕುಳಿತ ಪರಿಚಯದ ಹೆಂಗಸು ಖುಷಿಯಿಂದ ಫೋನಿನಲ್ಲಿ ತನ್ನ ರಿಜಿಸ್ಟರ್ ಮದುವೆಯ ಫೋಟೋ ತೋರಿಸಿದಳು. ಗಂಡನ ಮನೆಯಲ್ಲಿನ್ನೂ ಹೇಳಿಲ್ಲ, ಸದ್ಯದಲ್ಲೇ ಹೇಳುತ್ತಾರೆ ಎಂದಳು. ಫೋಟೋದಲ್ಲಿದ್ದ ಗಂಡ ನಮ್ಮ ಶುಭದಾಳ ವರ! ಅನಘಾ ದಾರಿಯುದ್ದಕ್ಕೂ ಫೋನು ಮಾಡಿದಳಂತೆ. ಕಾರ್ಯದ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. ಬ್ಯಾಗು ಹೆಗಲಲ್ಲಿರುವಂತೆಯೇ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಾಗ ಉಂಗುರ ಅರ್ಧ ಬೆರಳಿಗೆ ಬಂದಿತ್ತು. “ಅಕ್ಕಾ, ಹಾಕಿಸ್ಕೋಬ್ಯಾಡ” ಎಂದು ಅಲ್ಲಿಂದಲೇ ಕೂಗಿದಳು, ಯಾಕೆಂದೂ ಹೇಳಿದಳು. ವರನ ಮುಖ ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವರ ಕಡೆಯವರು ತಲೆ ತಗ್ಗಿಸಿ ಎದ್ದು ಹೋದರು. ಇಡೀ ಓಣಿಗಾಗುವಷ್ಟು ಶ್ರೀಖಂಡ ಹಾಗೇ ಉಳಿಯಿತು.

ಇಲ್ಲಿಗೆ ಎಲ್ಲರೂ ಅನಘಾಳ ತಲೆ ಸವರಿ ಪೇಢೆ ತಿನ್ನಿಸಿರಬೇಕು ಎಂದುಕೊಂಡಿರಾ? ನೀವು ನಮ್ಮ ಮಂದಿಯನ್ನು ಕಂಡಿಲ್ಲ. ಸುಳ್ಳು ಹೇಳಿದವನ ಮೇಲಿನ ಸಿಟ್ಟು ಸಂಜೆಯ ಹೊತ್ತಿಗೆ ಆರಿತು. ಸುದ್ದಿ ಹೇಳಿದವಳ ಮೇಲಿನ ಸಿಟ್ಟು ಕಾವೇರುತ್ತ ಹೋಯಿತು. “ನಾಕು ಮಂದಿ ಮುಂದ ಒದರಬೇಕಿತ್ತೇನು? ಒಳಗ ಕರದು ಹೇಳಬಾರದಾಗಿತ್ತೇನು?” ಎಂದಳು ವೈನಿ. ಅಣ್ಣನಂತೂ, “ಉಂಡಾದ ಮ್ಯಾಲಾದರೂ ಹೇಳಬಹುದಿತ್ತು” ಎಂದ. ಶ್ರೀಖಂಡದ ಬಟ್ಟಲು ಹಿಡಿದು ಕುಳಿತಿದ್ದ ಅತ್ಯಾ, “ಗಾಡಿ ರದ್ದಾಗೇದ ಅಂತ ಹೊಂಟ ಮ್ಯಾಲೆ ಹೇಳಲಿಕ್ಕೆ ಬರತದೇನೋ?” ಎಂದು ಕೇಳಿದಳು. ಅಂದು ಆ ಮನೆಯಲ್ಲಿ ಸಮಾಧಾನದಿಂದ ಉಂಡವಳು ಅವಳೊಬ್ಬಳೇ.

ಮಾತು ಮುಂದೆ ಇನ್ನೂ ಬೆಳೆಯಿತು. ಹುಡುಗಿಯ ಬಾಯಿ ಒಳ್ಳೆಯದಲ್ಲ, ಶುಭದಾಳಿಗೆ ಇನ್ನು ಸಂಬಂಧ ಕೂಡಿಬರುವುದು ಕಷ್ಟ, ಎಲ್ಲಾ ಅವಳಿಂದಾಯಿತು ಎಂದು ಬಂಧುಬಳಗವೆಲ್ಲ ಫೋನಿನಲ್ಲಿ ತೀರ್ಮಾನಿಸಿತು. ಅಣ್ಣ ಕೆಳಗೆ ಇಳಿಯುವುದನ್ನೂ ಅನಘಾಳೊಡನೆ ಮಾತಾಡುವುದನ್ನೂ ಬಿಟ್ಟ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಶುಭದಾಳ ಮೌನ. ಅವಳು ಕೋಣೆಯಿಂದ ಹೊರಗೆ ಬರುವುದೇ ಕಡಿಮೆಯಾಯಿತು. ಚಿಕ್ಕಂದಿನಿಂದ ಒಂದೇ ಚಾದರಿನಲ್ಲಿ ಮಲಗಿ ಬೆಳೆದ ಅಕ್ಕತಂಗಿಯರು ಇವರು. ಒಬ್ಬಳ ಮಾತು ಇನ್ನೊಬ್ಬಳು ಮುಗಿಸುವವರು. ಈಗ ನಡುವೆ ಒಂದು ಮೆಟ್ಟಿಲಸಾಲು, ಅದನ್ನು ಹತ್ತುವವರಿಲ್ಲ, ಇಳಿಯುವವರಿಲ್ಲ. ನನ್ನ ಮಗಳು ಮೊದಲು ಮನೆಗೆ ಬಂದರೆ ಚಪ್ಪಲಿ ಬಿಡುವುದರೊಳಗೆ ಇಡೀ ಬಸ್ಸಿನ ಸುದ್ದಿ ಹೇಳಿ ಮುಗಿಸುತ್ತಿದ್ದಳು. ಈಗ ಏನು ಕೇಳಿದರೂ ‘ಹೂಂ’. ಬಾಯಿ ಮುಚ್ಚು ಎಂದು ಇಪ್ಪತ್ತು ವರ್ಷ ಗದರಿಸಿದ ನನ್ನ ಹೆಂಡತಿ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅನಘಾ ಹಾಸಿಗೆಯಲ್ಲಿ ಬಿದ್ದುಕೊಂಡು ಫೋನಿನಲ್ಲಿ ಏನೋ ನೋಡುತ್ತಿದ್ದಳು. ಒಂದು ದಿನ ಅತ್ಯಾ ಕನ್ನಡಕ ಏರಿಸಿ ಪಕ್ಕದಲ್ಲಿ ಇಣುಕಿದಳು. ಅದೊಂದು ಹಿಂದಿಗೆ ಇಳಿಸಿದ ವಿದೇಶಿ ಧಾರಾವಾಹಿ. ಹಿಮದ ಬೆಟ್ಟ, ಮೇಲೊಂದು ಕೋಟೆ, ಉದ್ದ ಕೂದಲಿನ ಗಂಡಸರು, ಬೆಂಕಿ ಉಗುಳುವ ರೆಕ್ಕೆಯ ಹಾವು. ಕೋಟೆಯ ಬುರುಜಿನಲ್ಲಿ ಒಬ್ಬ ಹುಡುಗಿ. ಉತ್ತರ ದಿಕ್ಕಿನಲ್ಲಿ ಅಪಾಯ ಕಂಡರೆ ದೊಡ್ಡ ಗಂಟೆ ಬಾರಿಸುವುದು ಅವಳ ಕೆಲಸ. ರಾಜಕುಮಾರನ ಪಟ್ಟಾಭಿಷೇಕದ ದಿನವೇ ಹಾವು ಬಂತು, ಇವಳು ಗಂಟೆ ಬಾರಿಸಿದಳು. ಜನ ಓಡಿ ಪಾರಾದರು, ಅರ್ಧ ಕೋಟೆ ಸುಟ್ಟಿತು. ಮರುದಿನ ಬೂದಿಯಲ್ಲಿ ನಿಂತು ಎಲ್ಲರೂ ಹೇಳಿದ್ದೇನು? ಗಂಟೆಯ ಸದ್ದಿಗೇ ಹಾವು ಎದ್ದು ಬಂತು ಎಂದು!

ಅತ್ಯಾ ಹಾಸಿಗೆಯ ಮೇಲೆ ನೆಟ್ಟಗೆ ಎದ್ದು ಕುಳಿತಳು. “ಈಕಿ ನಮ್ಮ ಇಲಾಖೆದಾಕಿ” ಎಂದಳು.

ಅಂದಿನಿಂದ ಶುರುವಾಯಿತು ನೋಡಿ, ಆ ಗಂಟೆ ಹುಡುಗಿಯ ವಕೀಲಿ. ಧಾರಾವಾಹಿ ನೋಡುವ ಪ್ರಪಂಚವೆಲ್ಲ ಅವಳನ್ನು ಬೈಯುತ್ತಿತ್ತಂತೆ. ಫೋನಿನಲ್ಲಿ ಅವಳ ಮೇಲೆ ಕುಚೋದ್ಯದ ಚಿತ್ರಗಳೇ ಓಡಾಡುತ್ತಿದ್ದವು. ಅತ್ಯಾ ಮಾತ್ರ ಸಿಕ್ಕಸಿಕ್ಕವರೊಡನೆ ವಾದಕ್ಕೆ ನಿಂತಳು. ರಕ್ತದೊತ್ತಡ ನೋಡುವ ಡಾಕ್ಟರು ಬಾಯಿತಪ್ಪಿ, “ಆ ಹುಡುಗಿ ಸ್ವಲ್ಪ ಕಾಯಬಹುದಿತ್ತು, ಅಲ್ಲವೇ ಅಜ್ಜೀ?” ಎಂದರು. ಕೈಗೆ ಕಟ್ಟಿದ ಪಟ್ಟಿ ಗಾಳಿ ತುಂಬಿಕೊಂಡು ಇನ್ನೂ ಉಬ್ಬುತ್ತಿತ್ತು. ಅಂದು ಬಂದ ರಕ್ತದೊತ್ತಡ ಯಾವ ಪುಸ್ತಕದಲ್ಲೂ ಇಲ್ಲ ಎಂದು ಅವರೇ ಒಪ್ಪಿಕೊಂಡರು. ಗುಳಿಗೆ ಬರೆಯುವ ಬದಲು ಕ್ಷಮೆ ಕೇಳಿದರು, ಕೂಡಲೇ ಇಳಿಯಿತು.

ಇನ್ನೊಮ್ಮೆ ಹಪ್ಪಳಕ್ಕೆ ಉದ್ದು ತರಲು ನಾನೂ ಅವಳೂ ಇತವಾರಿ ಪೇಟೆಗೆ ಹೋಗಿದ್ದೆವು. ಕೈಗಾಡಿ, ಟೆಂಪೋಗಳ ನಡುವೆ ನಮ್ಮ ಆಟೋ ಸಿಕ್ಕಿಕೊಂಡಿತು. ಆಟೋದವನೂ ಆ ಧಾರಾವಾಹಿಯ ಭಕ್ತನೆಂದು ತಿಳಿಯಿತು. “ಆಜೀ, ಅವಳು ಬಾರಿಸಿರದಿದ್ದರೆ ಹಾವು ಸುಮ್ಮನೆ ಮೇಲಿಂದ ಹಾರಿಹೋಗುತ್ತಿತ್ತು” ಎಂದ ಅವನು ಮರಾಠಿಯಲ್ಲಿ. ಅತ್ಯಾ ಬೆರಳು ಹೊರಗೆ ಚಾಚಿ, “ನಿನ್ನ ಹಿಂದಿನ ಟೆಂಪೋ ಹಾರ್ನ್ ಹೊಡೆಯುತ್ತಿದೆಯಲ್ಲ, ಈ ದಟ್ಟಣೆ ಆ ಹಾರ್ನಿನಿಂದ ಆಯಿತೇ?” ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡು ಆಲೋಚನೆಗೆ ಬಿದ್ದ. ಮುಂದೆ ದಾರಿ ಬಿಟ್ಟದ್ದು ಅವನಿಗೂ ಗೊತ್ತಾಗಲಿಲ್ಲ, ಅತ್ಯಾಗೂ ಗೊತ್ತಾಗಲಿಲ್ಲ. ಹಿಂದಿನ ಟೆಂಪೋದವನು ಇಳಿದು ಬಂದು ಹೇಳಬೇಕಾಯಿತು. ಅವನನ್ನೂ ನಿಲ್ಲಿಸಿಕೊಂಡು, “ನೀನು ಹೇಳಪ್ಪಾ, ತಪ್ಪು ಯಾರದು?” ಎಂದಳು ಅತ್ಯಾ.

ಇದೆಲ್ಲ ಮುದಿತನದ ಹುಚ್ಚು ಎಂದೇ ನಾನು ತಿಳಿದಿದ್ದೆ. ಆಮೇಲೆ ಮೇಲಿನ ಮನೆಯ ವಾರ ಬಂದಾಗ ಅವಳು ಅಣ್ಣನ ದೊಡ್ಡ ಟೀವಿಗೆ ಆ ಧಾರಾವಾಹಿ ಹಾಕಿಸಿದಳು. ವೈನಿಯ ಭಜನಿ ಮಂಡಳಿಯ ಹೆಂಗಸರಿಗೂ ಅದರ ರುಚಿ ಹತ್ತಿಸಿದಳು. ಶನಿವಾರ ಸಂಜೆ ಭಜನೆ ಮುಗಿದು ಮಂಗಳಾರತಿ ಆಗುತ್ತಲೇ ತಾಳಗಳನ್ನು ಚೀಲಕ್ಕೆ ಸೇರಿಸಿ ಎಲ್ಲರೂ ರೆಕ್ಕೆಯ ಹಾವಿನೆದುರು ಕೂರತೊಡಗಿದರು.

ಅದೇ ಹೊತ್ತಿಗೆ ಅಣ್ಣ ನನ್ನ ಮುಂದೆ ರಾಜಿಯ ಮಾತು ತೆಗೆದ. “ಮುಗಿಸೋಣು. ಅನಘಾ ಮ್ಯಾಲೆ ಬಂದು ತಪ್ಪಾತು ಅನ್ನಲಿ, ಎಲ್ಲಾರೂ ಮರತು ಬಿಡೋಣು.” ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಓಡುತ್ತ ಬಂದು ಮಗಳಿಗೆ ಹೇಳಿದೆ. ಅವಳು ‘ಹೂಂ’ ಎಂದಳು. ಕನ್ನಡಿಯ ಮುಂದೆ ನಿಂತು ಕೂದಲು ಕಟ್ಟಿಕೊಂಡಳು. ಅಕ್ಕ ಮಾತಾಡಿಸುವುದಾದರೆ ಯಾವ ತಪ್ಪನ್ನಾದರೂ ಒಪ್ಪಿಕೊಳ್ಳಲು ಸಿದ್ಧಳಿದ್ದಳು. ಬಾಗಿಲಲ್ಲಿ ಅತ್ಯಾ ಕೈ ಅಡ್ಡ ಹಿಡಿದು ನಿಂತಿದ್ದಳು.

“ಎಲ್ಲಿಗೆ ಹೊಂಟಿ?”

“ತಪ್ಪಾತು ಅಂತ ಹೇಳಲಿಕ್ಕೆ.”

“ಬ್ಯಾಡ. ಮಾಡಲಾರದ ತಪ್ಪಿಗೆ ಖೇದ ಅನ್ನೋದು ನಮ್ಮ ಮನಿತನದ ಪಾಲಿಂದಷ್ಟೂ ನಾ ಹೇಳಿ ಮುಗಿಸೇನಿ. ನಿನಗೇನೂ ಉಳಿಸಿಲ್ಲ.”

“ಆದರ ಅಕ್ಕ…”

“ಒಂದ್ಸಲ ಅಂದರ ಮುಗೀತವಾ. ಆಮ್ಯಾಲೆ ಎಲ್ಲಾ ಗಾಡಿ ನಿನ್ನ ಸಲುವಾಗೇ ತಡಾ. ನೀ ಇಲ್ಲೇ ಕೂಡು.”

ನನಗೆ ಸಿಟ್ಟು ಬಂತು. ಕೈಗೆ ಬಂದ ರಾಜಿ ಹಾಳಾಯಿತಲ್ಲ ಎಂದು, ಮೇಲೆ ಹೊರಟ ಅತ್ಯಾಳ ಹಿಂದೆಯೇ ಮೆಟ್ಟಿಲು ಹತ್ತಿದೆ. ಅಂದು ಶನಿವಾರ. ಮೇಲೆ ಭಜನಿ ಮಂಡಳಿ ನೆರೆದಿತ್ತು, ಅಣ್ಣ ಮೂಲೆಯ ಖುರ್ಚಿಯಲ್ಲಿದ್ದ. ಟೀವಿಯಲ್ಲಿ ಗಂಟೆ ಹುಡುಗಿಯನ್ನು ದರಬಾರಿಗೆ ಎಳೆತಂದಿದ್ದರು. ಗಂಟೆ ಬಾರಿಸಿದ್ದು ತಪ್ಪಾಯಿತು ಎನ್ನು, ಕ್ಷಮಿಸಿ ಕೋಟೆಯೊಳಗೆ ಸೇರಿಸಿಕೊಳ್ಳುತ್ತೇವೆ ಎಂದ ರಾಜ. ಹುಡುಗಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ಅತ್ಯಾ ರಿಮೋಟು ಒತ್ತಿ ನಿಲ್ಲಿಸಿಬಿಟ್ಟಳು.

“ಅಯ್ಯ, ಹಚ್ಚರೀ ಅತ್ಯಾ” ಎಂದಳು ವೈನಿ. “ಒಮ್ಮೆ ತಪ್ಪಾತು ಅಂದರ ಅಕಿ ಗಂಟೇನು ಹೋಗತದ?”

“ಅಂದರ ಅಕಿದೇ ತಪ್ಪು ಅಂತೀಯೇನು?”

“ಮತ್ತ? ಅಂಥಾ ಛಲೋ ಕಾರ್ಯ ನಡದಿತ್ತು.”

“ಹಾವಿಗೆ ಯಾರೂ ಏನೂ ಅನ್ನವಲ್ಲರಲ್ಲ?”

“ಹಾವು ಹಾವೇ. ಅದಕ್ಕೇನನ್ನೋದು?” ಎಂದರು ಮಂಡಳಿಯ ಹಿರಿಯರೊಬ್ಬರು.

“ಹಾಂಗಾರ ಕೇಳ್ರಿ. ಅಕಿಗೆ ಬುರುಜಿನ ಹಿಂದಿನ ಮೆಟ್ಟಲಾ ಗೊತ್ತಿತ್ತು. ಸುಮ್ಮನ ಇಳದು ತಾ ಒಬ್ಬಾಕಿ ಪಾರಾಗಬಹುದಿತ್ತು. ಯಾರೂ ಬೈತಿರಲಿಲ್ಲ. ಮತ್ತ ಅಕಿ ಗಂಟಿ ಬಾರಿಸಿದ್ದು ಯಾರ ಸಲುವಾಗಿ? ಇದನ್ನ ಯಾರರ ಹೇಳೂತನಕಾ ನಾ ಟೀವಿ ಹಚ್ಚಂಗಿಲ್ಲ.”

ಕೋಟೆಯ ಮಾತು ಕೋಟೆಯದಲ್ಲ ಎಂಬುದು ಆಗ ನನಗೆ ಹೊಳೆಯಿತು. ಅಣ್ಣನಿಗೆ ನನಗಿಂತ ಮೊದಲೇ ಹೊಳೆದಿರಬೇಕು. ಅವನು ಕಿಟಕಿಯ ಕಡೆ ತಿರುಗಿದ್ದ.

“ನನ್ನ ಸಲುವಾಗಿ.”

ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ಶುಭದಾ ನಿಂತಿದ್ದಳು. ಜನರೆದುರು ಅವಳು ಬಂದದ್ದೇ ಅಂದು ಮೊದಲು.

“ಏನಂದಿ?” ಎಂದಳು ವೈನಿ.

“ನನ್ನ ಸಲುವಾಗಿ ಒದರಿದಳವಾ. ನೀವೆಲ್ಲ ಕೂಡಿ ಬೈಲಿಕತ್ತಾಗ ನಾ ಸುಮ್ಮನಿದ್ದೆ. ಅದಕ್ಕ ಅಕಿಗೆ ಮಾರಿ ತೋರಸಲಿಕ್ಕೆ ಆಗವಲ್ಲದು. ಸಿಟ್ಟಲ್ಲ.”

ತಾಟನ್ನು ಟೀಪಾಯಿಯ ಮೇಲಿಟ್ಟು, ದುಪಟ್ಟಾದಿಂದ ಮೂಗೊರೆಸಿಕೊಂಡು ಅವಳು ಮೆಟ್ಟಿಲಿಳಿದು ಹೋದಳು. ಕೆಳಗಿನ ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ಅಳು, ಯಾರದು ಎಂದು ತಿಳಿಯದಷ್ಟು ಬೆರೆತ ಅಳು. ಅದರ ಬೆನ್ನಿಗೇ ನನ್ನ ಮಗಳ ದನಿ! ಆ ಬಸ್ಸಿನ ಹೆಂಗಸು, ಎತ್ತದ ಫೋನು, ಕಾರ್ಖಾನೆಯ ಫೋರ್‌ಮನ್ನು, ಕ್ಯಾಂಟೀನಿನ ನೀರು ಸಾರು, ಎಲ್ಲ ಒಟ್ಟಿಗೆ, ತಡೆಯಿಲ್ಲದೆ, ಒಂದರ ಮೇಲೊಂದು. ನಡುನಡುವೆ ಶುಭದಾ ಅವಳ ಮಾತು ಮುಗಿಸುತ್ತಿದ್ದಳು. ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

ಅತ್ಯಾ ರಿಮೋಟನ್ನು ಭಜನಿಯವರ ಕೈಗೆ ಕೊಟ್ಟಳು. ಅವಳಿಗೆ ಇನ್ನು ಆ ಕೋಟೆ ಬೇಡವಾಗಿತ್ತು.

ಅಣ್ಣ ಎದ್ದ. ಯಾರ ಕಡೆಗೂ ನೋಡದೆ ತಾಟಿನಿಂದ ಚಹಾದ ಎರಡು ಕಪ್ಪು ಎತ್ತಿಕೊಂಡು, ತುಳುಕದಂತೆ ಒಂದೊಂದೇ ಮೆಟ್ಟಿಲು ಇಳಿದ. ಕೆಳಗೆ ಬಾಗಿಲು ಮತ್ತೆ ಮುಚ್ಚಿಕೊಂಡಿತ್ತು. ಎರಡೂ ಕೈಯಲ್ಲಿ ಕಪ್ಪು, ಬಡಿಯಲು ಕೈಯಿಲ್ಲ. ಹಣೆಯನ್ನು ಬಾಗಿಲಿಗೆ ಮೆಲ್ಲಗೆ ಆನಿಸಿ, “ಅನಘಾ, ಬಾಗಲಾ ತಗಿಯವಾ” ಎಂದ. “ನಾನು, ದೊಡ್ಡಪ್ಪ.”