ಎರಡು ಸ್ಟ್ರೋಕಿನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನ ಬಗ್ಗೆ ಮಾತಾಡುವ ಅಧಿಕಾರ ನನಗೆ ಎರಡು ಕಡೆಯಿಂದ ಬಂದಿದೆ. ಒಂದು, ಅದು ನನಗೆ ಹುಟ್ಟಿದಾಗಿನಿಂದ ಇದೆ. ಇನ್ನೊಂದು, ಹೆಚ್ಚುಕಡಿಮೆ ಅದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುತ್ತೇನೆ. ಪಾಲಿಟೆಕ್ನಿಕ್ಕಿನಲ್ಲಿ ನನ್ನ ವಿಷಯ ಅಂತರ್ದಹನ ಯಂತ್ರಗಳು. ಹಾಗಂದರೇನು ಸಾರ್ ಎಂದು ಹುಡುಗರು ಕೇಳಿದರೆ, "ಉಗಿಬಂಡಿಗೆ ಬೆಂಕಿ ಬೇರೆ ಕಡೆ ಇರುತ್ತೆ ಕಣ್ರಯ್ಯ, ಇದಕ್ಕೆ ಹೊಟ್ಟೆಯೊಳಗೇ" ಎನ್ನುತ್ತೇನೆ. ಆಮೇಲೆ ಬೋರ್ಡಿನ ಮೇಲೆ ಅದರ ವಂಶವೃಕ್ಷ ಬರೆಯುತ್ತೇನೆ. ಕುಡಿಯುವುದು ಪೆಟ್ರೋಲೋ ಡೀಸೆಲ್ಲೋ, ಮೈ ತಣ್ಣಗಾಗುವುದು ಗಾಳಿಯಿಂದಲೋ ನೀರಿನಿಂದಲೋ, ಸಿಲಿಂಡರು ಒಂದೋ ನಾಲ್ಕೋ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ಸ್ಟ್ರೋಕಿನದೋ ನಾಲ್ಕು ಸ್ಟ್ರೋಕಿನದೋ. ಎರಡು ಸ್ಟ್ರೋಕಿನದು ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ. ಅದಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಕುಡಿಸಬೇಕು, ಹಾಗಾಗಿ ಹೊಗೆ ಜಾಸ್ತಿ. ನಾಲ್ಕು ಸ್ಟ್ರೋಕಿನದು ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಅದರ ಆಯಿಲಿಗೆ ಪ್ರತ್ಯೇಕ ಜಾಗವಿದೆ, ಪೆಟ್ರೋಲಿಗೆ ಬೆರೆಸಕೂಡದು. ಬೆರೆಸಕೂಡದು ಎಂದು ಹನ್ನೊಂದು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದೇನೆ. ಈ ಮಾತು ನೆನಪಿರಲಿ, ನನ್ನ ಮಾನ ಹೋದದ್ದು ಇದರಿಂದಲೇ.

ನನ್ನ ಸ್ವಂತದ್ದು ಎರಡು ಸ್ಟ್ರೋಕಿನ ಹಳೇ ಸ್ಕೂಟರು. ಹೊಸದಕ್ಕೆ ಬುಕ್ ಮಾಡಿ, ವರ್ಷಗಟ್ಟಲೆ ಕಾದು, ಸರದಿ ಬಾರದೆ, ರಿಟೈರಾದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಬೆಳಗ್ಗೆ ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಹನ್ನೆರಡು ಸಲ ಒದ್ದರೆ ಹದಿಮೂರನೆಯದಕ್ಕೆ ಕೆಮ್ಮುತ್ತದೆ. ಗೋವಿಂದರಾಜನಗರದ ನಮ್ಮ ಬೀದಿಯವರು ಆ ಕೆಮ್ಮು ಕೇಳಿ ಮಕ್ಕಳನ್ನು ಸ್ಕೂಲಿಗೆ ಎಬ್ಬಿಸುತ್ತಾರೆ. ಹೀಗಿರುವಾಗ ಪಕ್ಕದ ಮನೆಯ ಪುಟ್ಟಸ್ವಾಮಿ ಹೊಸ ಬೈಕು ತಂದು ನಿಲ್ಲಿಸಿದ. ಕಾಮಾಕ್ಷಿಪಾಳ್ಯದಲ್ಲಿ ಹಿಟ್ಟಿನ ಗಿರಣಿ ಇಟ್ಟಿರುವ ಮನುಷ್ಯ. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕಟ್ಟಿ ಕೈಬಿಟ್ಟವನು. ಬೈಕು ಮಾತ್ರ ಜಪಾನಿನವರ ಕೈಗುಣದ್ದು, ನಾಲ್ಕು ಸ್ಟ್ರೋಕಿನದು, ಕೆಂಪು ಟ್ಯಾಂಕಿನದು. ಒಂದೇ ಒದೆತಕ್ಕೆ ಸ್ಟಾರ್ಟು. ನನ್ನ ಹೆಂಡತಿ ಸರೋಜ ಕಾಂಪೌಂಡಿನ ಮೇಲೆ ಮೊಣಕೈ ಊರಿ ನೋಡಿ, "ರೀ, ಸ್ಟಾರ್ಟ್ ಆಗಿರೋದೇ ಗೊತ್ತಾಗಲ್ಲ ಕಣ್ರೀ" ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ನೀವು ಪಾಠ ಮಾಡೋದು ಇದನ್ನೇ ಅಲ್ವಾ?" ಎಂದಳು. ಅಯ್ಯೋ ಶಿವನೇ! ಸೀಮೆಸುಣ್ಣದ ಪುಡಿ ಕುಡಿದು ಇಂಜಿನ್ ಬರೆದವನು ನಾನು, ಹಿಟ್ಟಿನ ಪುಡಿ ಕುಡಿದು ಅದರ ಮೇಲೆ ಕೂತವನು ಅವನು. ಅವತ್ತು ನನಗೆ ಊಟ ಸೇರಲಿಲ್ಲ.

ಆ ಭಾನುವಾರ ಪುಟ್ಟಸ್ವಾಮಿ ಬಂದು ಕೈಕಟ್ಟಿ ನಿಂತ. "ಸಾರ್, ನೀವು ತಿಳ್ದೋರು. ಸ್ಕೂಟರ್‌ಗೆ ಬಂಕಲ್ಲಿ ಆಯಿಲ್ ಹಾಕ್ತಾರಲ್ಲ, ಹಂಗೇ ಇದ್ರ ಪೆಟ್ರೋಲ್ಗೂ ಬೆರೆಸ್ಬೇಕಾ?"

'ಬೇಡ' ಎಂಬುದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವನ ಹಿಂದೆ ಆ ಕೆಂಪು ಟ್ಯಾಂಕು ಬಿಸಿಲಿಗೆ ಫಳಫಳ ಹೊಳೆಯಿತು. "ಬೆರೆಸಿ, ಬೆರೆಸಿ. ಇಂಜಿನ್‌ಗೆ ಒಳ್ಳೇದು" ಎಂದುಬಿಟ್ಟೆ. ಹಾಳು ಬಾಯಿ ಹೇಳಿದ್ದು ಸ್ವಾಮಿ, ನಾನಲ್ಲ. ಎರಡು ದಿನ ಅದೂ ಒಂದಿಷ್ಟು ಹೊಗೆ ಬಿಡಲಿ, ಸರೋಜ ಕಣ್ಣಾರೆ ನೋಡಲಿ, ಆಮೇಲೆ ನಿಜ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬುಧವಾರ ಕೆಂಗೇರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ, ನಾನು ಎಕ್ಸಾಮಿನರ್. ಸ್ಕೂಟರು ಇಪ್ಪತ್ತು ಒದೆತ ತಿಂದರೂ ಕೆಮ್ಮಲಿಲ್ಲ. "ಬನ್ನಿ ಸಾರ್, ನಾನು ಬುಡ್ತೀನಿ" ಎಂದು ಪುಟ್ಟಸ್ವಾಮಿ ಬೈಕು ತಂದ. ಸರೋಜ ನೋಡುತ್ತಿದ್ದಳು, ಹತ್ತಿದೆ. ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟುವಷ್ಟರಲ್ಲಿ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಬೈಕು ಎರಡು ಸಲ ಬಿಕ್ಕಳಿಸಿ ನಿಂತೇಹೋಯಿತು. "ನೀವು ಒಳ್ಳೇದು ಅಂದ್ರಲ್ಲ ಸಾರ್, ಎರಡು ಅಳತೆ ಜಾಸ್ತೀನೇ ಹಾಕಿಸ್ದೆ" ಎಂದ ಪುಣ್ಯಾತ್ಮ. ಇಬ್ಬರೂ ಸೇರಿ ತಳ್ಳಿಕೊಂಡು ಒಂದು ಮೆಕ್ಯಾನಿಕ್ ಶೆಡ್ಡಿಗೆ ಮುಟ್ಟಿಸಿದೆವು. ಮೆಕ್ಯಾನಿಕ್ಕು ಪ್ಲಗ್ ಬಿಚ್ಚಿದ, ಕಾಡಿಗೆಯಂತೆ ಕಪ್ಪಾಗಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, "ಅಣ್ಣ, ಫೋರ್ ಸ್ಟ್ರೋಕ್‌ಗೆ ಆಯಿಲ್ ಬೆರೆಸು ಅಂತ ಯಾವ ಮುಠ್ಠಾಳ ಹೇಳಿದ್ದು ನಿಮಗೆ?" ಎಂದ. ನಾನು ಎದುರಿನ ಲೈಟು ಕಂಬವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ.

"ಯಾರೂ ಹೇಳ್ಲಿಲ್ಲ ಕಣಪ್ಪ, ನಂದೇ ಬುದ್ಧಿ" ಎಂದ ಪುಟ್ಟಸ್ವಾಮಿ.

ಮೆಕ್ಯಾನಿಕ್ಕು ಟ್ಯಾಂಕು ಖಾಲಿ ಮಾಡುತ್ತಿದ್ದಾಗ ಪುಟ್ಟಸ್ವಾಮಿ ನನ್ನನ್ನು ಪಕ್ಕಕ್ಕೆ ಕರೆದು, "ಬುಡಿ ಸಾರ್, ಪಾಠ ಮಾಡೋರ್ಗೂ ಒಂದೊಂದ್ ಸಲ ಮರ್ತೋಯ್ತದೆ. ಅವನ ಮುಂದೆ ಯಾಕೆ ಅಂತ ನಿಮ್ಮ ಹೆಸರು ಎತ್ಲಿಲ್ಲ" ಎಂದು ಪಿಸುಗುಟ್ಟಿದ. ನನ್ನ ಮುಂದೆ ಎರಡೇ ದಾರಿ ಇದ್ದವು: ದಡ್ಡ ಅನ್ನಿಸಿಕೊಳ್ಳುವುದು, ಇಲ್ಲವೇ ಹೊಟ್ಟೆಕಿಚ್ಚಿನವನು ಅನ್ನಿಸಿಕೊಳ್ಳುವುದು. "ಹೌದ್ರೀ, ಮರ್ತೇ ಹೋಗಿತ್ತು" ಎಂದೆ. ತಡವಾಗಿ ಕೆಂಗೇರಿ ತಲುಪಿ, ಮೊದಲ ಹುಡುಗನಿಗೆ ನಾಲ್ಕು ಸ್ಟ್ರೋಕಿನ ಇಂಜಿನ್ನಿಗೆ ಆಯಿಲ್ ಎಲ್ಲಿ ಹಾಕುತ್ತಾರಪ್ಪ ಎಂದು ಕೇಳಿದೆ. ಅವನು ತಟ್ಟನೆ ಸರಿಯಾಗಿ ಹೇಳಿದ. ನನಗೆ ಅವನ ಮೇಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮುಂದಿನ ಭಾನುವಾರ ಪುಟ್ಟಸ್ವಾಮಿ ಮತ್ತೆ ಬಂದ, ಕೈಯಲ್ಲೊಂದು ತೆಳು ಪುಸ್ತಕ. "ಸಾರ್, ಇದು ಬೈಕ್ ಜೊತೆ ಕೊಟ್ಟಿದ್ದು. ಇಂಗ್ಲಿಷು, ನಂಗೆ ಹತ್ತಲ್ಲ. ಚಿತ್ರಾನೂ ಅವೆ. ನಿಧಾನಕ್ಕೆ ಓದ್ಕಳಿ, ನಿಮ್ಮ ಪಾಠಕ್ಕೂ ಆಯ್ತದೆ." ಗೇಲಿಯಿದೆಯೇನೋ ಎಂದು ಅವನ ಮುಖವನ್ನೆಲ್ಲ ಹುಡುಕಿದೆ. ಎಳ್ಳಷ್ಟೂ ಇರಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಕಾಫಿ ತಂದ ಸರೋಜ, "ಓದಿ, ಓದಿ. ಒಳ್ಳೇದು" ಎಂದಳು.

ಓದಿದೆ. ನಾಲ್ಕು ಸ್ಟ್ರೋಕಿನ ಇಂಜಿನ್ನು ಎರಡು ಸುತ್ತಿಗೆ ಒಮ್ಮೆ ಮಾತ್ರ ಉರಿಯುತ್ತದೆ ಎಂದು ಅದರಲ್ಲೂ ಬರೆದಿದೆ. ಹೊರಗೆ ಪುಟ್ಟಸ್ವಾಮಿಯ ಬೈಕು ಒಂದೇ ಒದೆತಕ್ಕೆ ಎದ್ದು ಹೊರಟಿತು. ಮೊದಲು ಅವನ ಬೈಕು ಕಂಡರೆ ಮಾತ್ರ ಉರಿಯುತ್ತಿತ್ತು; ಈಗ ಅವನ ಒಳ್ಳೆಯತನ ಕಂಡರೂ ಉರಿಯುತ್ತದೆ. ಏನು ಮಾಡಲಿ, ನನ್ನದು ಎರಡು ಸ್ಟ್ರೋಕಿನ ಹೊಟ್ಟೆ: ಸುತ್ತಿಗೊಂದು ಉರಿ.